ದೀಪದ ಪಕ್ಕದ ಮಿಣುಕುಹುಳ



ರಾತ್ರಿ ಊಟ ಆಯಿತು. ಪಾತ್ರೆ ತೊಳೆದಾಯಿತು. ಮಕ್ಕಳು ಮಲಗಿದವು. ಅಂಗಳಕ್ಕೆ ಬಂದು ಒಂದು ಗಳಿಗೆ ತಲೆ ಎತ್ತಿ ನೋಡಿ. ಎಷ್ಟೊಂದು ಚುಕ್ಕಿಗಳು!

ನಮ್ಮ ಕಲಿಕೆ ಕೇಂದ್ರದಲ್ಲಿ ಒಂದು ರಾತ್ರಿ ಕರೆಂಟು ಹೋಯಿತು. ಪುಸ್ತಕ ಮುಚ್ಚಿ ಎಲ್ಲರೂ ಹೊರಗೆ ಬಂದೆವು. ಕಟ್ಟೆಯ ಮೇಲೆ ಕೂತೆವು. ಆಗ ಒಬ್ಬ ಅಕ್ಕ ಕೇಳಿದರು:

"ಸೂರ್ಯನ ಸುತ್ತ ಭೂಮಿ ತಿರುಗುತ್ತೆ ಅಂತ ಪಾಠದಾಗೆ ಓದಿದ್ವಿ. ಈ ಚುಕ್ಕಿಗಳೂ ಸೂರ್ಯನಂಥವೇ ಅಂತೀರಿ. ಹಂಗಾದ್ರೆ ಅವುಗಳ ಸುತ್ತಾನೂ ಭೂಮಿ ಇರಬೇಕಲ್ಲ? ಯಾರಾದ್ರೂ ಕಣ್ಣಾರೆ ನೋಡಿದಾರಾ?"

ಎಂಥ ಒಳ್ಳೆಯ ಪ್ರಶ್ನೆ! ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳಿಕೊಂಡರು. ಉತ್ತರ ಹುಡುಕಲು ಎಷ್ಟೋ ವರ್ಷ ದುಡಿದರು. ಆ ಕಥೆಯನ್ನೇ ಈ ಪಾಠದಲ್ಲಿ ಓದೋಣ.

ಚುಕ್ಕಿ ಬೇರೆ, ಗ್ರಹ ಬೇರೆ

ಚುಕ್ಕಿ ಅಂದರೆ ನಕ್ಷತ್ರ. ಅದಕ್ಕೆ ತನ್ನದೇ ಬೆಳಕು ಇದೆ. ನಮ್ಮ ಸೂರ್ಯನೂ ಒಂದು ನಕ್ಷತ್ರವೇ. ಹತ್ತಿರ ಇದ್ದಾನೆ, ಅದಕ್ಕೇ ದೊಡ್ಡದಾಗಿ ಕಾಣುತ್ತಾನೆ.

ಗ್ರಹ ಹಾಗಲ್ಲ. ಅದು ನಕ್ಷತ್ರದ ಹಾಗೆ ಉರಿಯುವುದಿಲ್ಲ. ನಕ್ಷತ್ರದ ಸುತ್ತ ತಿರುಗುತ್ತದೆ. ನಕ್ಷತ್ರದ ಬೆಳಕು ಬಿದ್ದರೆ ಹೊಳೆಯುತ್ತದೆ. ನಮ್ಮ ಭೂಮಿ ಒಂದು ಗ್ರಹ. ಬುಧ, ಶುಕ್ರ, ಮಂಗಳ, ಗುರು, ಶನಿ ಇವೂ ಗ್ರಹಗಳು. ನವಗ್ರಹದ ಕಟ್ಟೆಯಲ್ಲಿ ಸೂರ್ಯ ಚಂದ್ರರೂ ಇರುತ್ತಾರೆ. ಆದರೆ ವಿಜ್ಞಾನದ ಲೆಕ್ಕದಲ್ಲಿ ಸೂರ್ಯ ನಕ್ಷತ್ರ. ಚಂದ್ರ ಭೂಮಿಯ ಉಪಗ್ರಹ.

ಬೇರೆ ಸೂರ್ಯರಿಗೂ ಗ್ರಹಗಳಿವೆಯೇ? ಇವೆ. 1995ರಲ್ಲಿ ಮಿಶೆಲ್ ಮೇಯರ್, ಡಿಡಿಯೇ ಕೆಲೋ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಸಾರಿದರು. ಸೂರ್ಯನಂಥ ಇನ್ನೊಂದು ನಕ್ಷತ್ರದ ಸುತ್ತ ಒಂದು ಗ್ರಹ ಇದೆ ಅಂದರು. ಇದಕ್ಕಾಗಿ 2019ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಆದರೆ ಅವರು ಆ ಗ್ರಹವನ್ನು ನೋಡಿರಲಿಲ್ಲ! ಗ್ರಹ ಸುತ್ತುವಾಗ ನಕ್ಷತ್ರವನ್ನು ತುಸು ಎಳೆಯುತ್ತದೆ. ನಕ್ಷತ್ರ ಆಚೆ ಈಚೆ ತೂಗುತ್ತದೆ. ಆ ತೂಗಾಟವನ್ನು ಅಳೆದರು. ಗಿಡ ಅಲುಗಾಡಿದರೆ ಒಳಗೆ ಹಕ್ಕಿ ಇದೆ ಅಂತ ತಿಳಿಯುತ್ತೇವಲ್ಲ, ಹಾಗೆ.

ಹೀಗೆ ಹುಡುಕುತ್ತಾ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಗ್ರಹಗಳ ಲೆಕ್ಕ 6,000 ದಾಟಿತು. ಆದರೆ ಆ ಹೊತ್ತಿಗೆ ನೇರವಾಗಿ ಚಿತ್ರ ತೆಗೆದ ಗ್ರಹಗಳು ಎಷ್ಟು? ನೂರೂ ಇರಲಿಲ್ಲ. ಯಾಕೆ? ನೋಡುವುದು ಅಷ್ಟು ಕಷ್ಟ.

ಏನು ಕಷ್ಟ?

ಮೊದಲನೆಯ ಕಷ್ಟ ದೂರ. ಬೆಳಕು ಒಂದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನಿಂದ ನಮಗೆ ಬರಲು ಎಂಟು ನಿಮಿಷ ಸಾಕು. ಆದರೆ ಸೂರ್ಯನನ್ನು ಬಿಟ್ಟರೆ ತೀರಾ ಹತ್ತಿರದ ನಕ್ಷತ್ರದಿಂದ ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು.

ಎರಡನೆಯ ಕಷ್ಟ ಇನ್ನೂ ದೊಡ್ಡದು. ಅದು ನಕ್ಷತ್ರದ ಬೆಳಕೇ! ಜಾತ್ರೆಯಲ್ಲಿ ಗ್ಯಾಸ್ ಲೈಟ್ ನೋಡಿದ್ದೀರಿ. ಅದರ ಮಗ್ಗುಲಲ್ಲೇ ಒಂದು ಮಿಣುಕುಹುಳ ಹಾರಿದರೆ ಕಾಣುತ್ತದೆಯೆ? ಇಲ್ಲ. ಹುಳ ಇದೆ, ಅದಕ್ಕೆ ಬೆಳಕೂ ಇದೆ. ಆದರೆ ದೊಡ್ಡ ದೀಪ ಅದನ್ನು ನುಂಗಿಬಿಡುತ್ತದೆ.

ಒಂದು ಲೆಕ್ಕ ನೋಡಿ. ದೂರದಿಂದ ಯಾರಾದರೂ ನಮ್ಮ ಕಡೆ ನೋಡಿದರು ಅನ್ನಿ. ಸೂರ್ಯನ ಬೆಳಕು ನಮ್ಮ ಭೂಮಿಯ ಬೆಳಕಿಗಿಂತ ಸುಮಾರು ಒಂದು ಸಾವಿರ ಕೋಟಿ ಪಟ್ಟು ಹೆಚ್ಚು ಕಾಣುತ್ತದೆ. ಸಾವಿರ ಕೋಟಿ ಅಂದರೆ ಎಷ್ಟು? ಹತ್ತು ಟನ್ನಿನ ಇಪ್ಪತ್ತು ಲಾರಿ ತುಂಬ ಅಕ್ಕಿ ಇದೆ ಅಂತ ತಿಳಿಯಿರಿ. ಆ ರಾಶಿಯಲ್ಲಿ ಹೆಚ್ಚು ಕಡಿಮೆ ಅಷ್ಟು ಕಾಳು ಇರುತ್ತವೆ. ಅದರಲ್ಲಿ ಒಂದೇ ಒಂದು ಕಾಳನ್ನು ಹುಡುಕಬೇಕು!

ಅಕ್ಕಿ ಆರಿಸುವ ಕೈ ನಮ್ಮದು. ಕಲ್ಲು ಹುಡುಕುವ ಕಷ್ಟ ನಮಗೆ ಗೊತ್ತು. ವಿಜ್ಞಾನಿಗಳೂ ಸೋಲಲಿಲ್ಲ. ಅವರು ಮೂರು ಉಪಾಯ ಮಾಡಿದರು.

ಮೊದಲ ಉಪಾಯ: ಅಡ್ಡ ಹಿಡಿ

ಎದುರಿಗೆ ಬಸ್ಸು ಬರುತ್ತದೆ. ಅದರ ದೀಪ ಕಣ್ಣಿಗೆ ಹೊಡೆಯುತ್ತದೆ. ನೀವು ಏನು ಮಾಡುತ್ತೀರಿ? ಅಂಗೈ ಅಡ್ಡ ಹಿಡಿಯುತ್ತೀರಿ. ಆಗ ರಸ್ತೆಯ ಬದಿ ಕಾಣುತ್ತದೆ. ಅಷ್ಟೇ ಉಪಾಯ!

ಆಕಾಶದಲ್ಲೂ ಹೀಗೆ ಆಗುವುದುಂಟು. 1980ರ ಫೆಬ್ರವರಿ 16ರಂದು ಕಾರವಾರ, ಹುಬ್ಬಳ್ಳಿ, ರಾಯಚೂರಿನ ಕಡೆ ಹಗಲಲ್ಲೇ ಕತ್ತಲಾಯಿತು. ಅಂದು ಪೂರ್ಣ ಸೂರ್ಯಗ್ರಹಣ. ಎಷ್ಟೋ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಹೊರಗೆ ಸರಿಯಾದ ರೀತಿಯಲ್ಲಿ ನೋಡಿದವರಿಗೆ ಒಂದು ಸೊಬಗು ಕಂಡಿತು. ಚಂದ್ರ ಸೂರ್ಯನಿಗೆ ಅಡ್ಡ ಬಂದಿದ್ದ. ಸೂರ್ಯನ ಸುತ್ತ ಬೆಳ್ಳಿಯಂಥ ಪ್ರಭಾವಳಿ ಹೊಳೆಯಿತು. ಪ್ರಭಾವಳಿ ದಿನಾ ಇರುತ್ತದೆ. ಆದರೆ ಸೂರ್ಯನ ಬೆಳಕಿನಲ್ಲಿ ಕಾಣುವುದಿಲ್ಲ.

ಗ್ರಹಣ ಅಪರೂಪ. ಅದೂ ಎರಡು ಮೂರು ನಿಮಿಷ ಮಾತ್ರ. ಫ್ರಾನ್ಸ್ ದೇಶದ ಬರ್ನಾರ್ಡ್ ಲಿಯೋ ಎಂಬ ವಿಜ್ಞಾನಿ ಯೋಚಿಸಿದರು. "ಚಂದ್ರನಿಗಾಗಿ ಯಾಕೆ ಕಾಯಬೇಕು? ದೂರದರ್ಶಕದ ಒಳಗೇ ಒಂದು ಚಂದ್ರ ಇಟ್ಟರೆ?" ಸುಮಾರು 1930ರಲ್ಲಿ ಅವರು ಹಾಗೇ ಮಾಡಿದರು. ದೂರದರ್ಶಕ ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಯಂತ್ರ. ಅದರೊಳಗೆ ಸೂರ್ಯನ ಬಿಂಬ ಬೀಳುವ ಜಾಗದಲ್ಲಿ ಒಂದು ಸಣ್ಣ ಬಿಲ್ಲೆ ಇಟ್ಟರು. ಬಿಂಬ ಮುಚ್ಚಿತು.

ಆದರೆ ಬೆಳಕು ತುಂಟ ಮಗುವಿನ ಹಾಗೆ. ಅಂಚಿಗೆ ಬಂದರೆ ಬಾಗುತ್ತದೆ, ಸುತ್ತ ಚೆಲ್ಲುತ್ತದೆ. ಬಿಲ್ಲೆ ಇಟ್ಟರೂ ಸ್ವಲ್ಪ ಬೆಳಕು ನುಸುಳುತ್ತದೆ. ಮುಂದೆ ಹೋಗಿ ಅದು ಬಳೆಯ ಹಾಗೆ ಸುತ್ತಲೂ ಸೇರುತ್ತದೆ. ಲಿಯೋ ಅಲ್ಲಿ ಇನ್ನೊಂದು ತಗಡು ಇಟ್ಟರು. ಅದರ ನಡುವೆ ತೂತು. ಬಳೆಯಂಥ ಬೆಳಕು ತಗಡಿಗೆ ಬಡಿದು ನಿಂತಿತು. ಪಕ್ಕದ ಮಸುಕು ಬೆಳಕು ತೂತಿನಿಂದ ದಾಟಿ ಬಂತು.

ಈ ಸಲಕರಣೆಗೆ ಕರೋನಾಗ್ರಾಫ್ ಅಂತ ಹೆಸರು. ಲಿಯೋ ಸೂರ್ಯನನ್ನು ನೋಡಲು ಇದನ್ನು ಮಾಡಿದರು. ಆಮೇಲೆ ಬೇರೆಯವರು ಇದನ್ನೇ ನಕ್ಷತ್ರಗಳ ಕಡೆ ತಿರುಗಿಸಿದರು. ನಕ್ಷತ್ರದ ಬೆಳಕು ನೇರ ಬರುತ್ತದೆ, ಬಿಲ್ಲೆಗೆ ಬಡಿಯುತ್ತದೆ. ಗ್ರಹದ ಬೆಳಕು ಕೂದಲೆಳೆಯಷ್ಟು ಓರೆಯಾಗಿ ಬರುತ್ತದೆ. ಅದು ಬಿಲ್ಲೆಯ ಪಕ್ಕದಿಂದ ಪಾರಾಗುತ್ತದೆ.

ನಮ್ಮವರೂ ಇಂಥ ಸಲಕರಣೆ ಮಾಡಿದ್ದಾರೆ. 2023ರ ಸೆಪ್ಟೆಂಬರ್ 2ರಂದು ಇಸ್ರೋ ಆದಿತ್ಯ ಎಲ್-1 ನೌಕೆಯನ್ನು ಹಾರಿಸಿತು. ಅದರಲ್ಲಿ ಸೂರ್ಯನನ್ನು ನೋಡುವ ಕರೋನಾಗ್ರಾಫ್ ಇದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಅದನ್ನು ಮಾಡಿದರು. ಮಾಡಿದ್ದು ಎಲ್ಲಿ? ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ!

ಎರಡನೆಯ ಉಪಾಯ: ನಡುಕ ನಿಲ್ಲಿಸು

ಕೊಳಗದ ತಳದಲ್ಲಿ ಒಂದು ನಾಣ್ಯ ಹಾಕಿ. ನೀರು ಸುಮ್ಮನಿದ್ದರೆ ನಾಣ್ಯ ಚೆನ್ನಾಗಿ ಕಾಣುತ್ತದೆ. ನೀರು ಅಲುಗಿಸಿ. ನಾಣ್ಯ ನಡುಗುತ್ತದೆ, ಚೂರು ಚೂರಾಗಿ ಕಾಣುತ್ತದೆ.

ನಾವು ಗಾಳಿಯ ಕೊಳಗದ ತಳದಲ್ಲಿ ಕೂತಿದ್ದೇವೆ. ಮೇಲೆ ಬಿಸಿ ಗಾಳಿ, ತಣ್ಣನೆ ಗಾಳಿ ಕಲೆಯುತ್ತಲೇ ಇರುತ್ತವೆ. ಅದಕ್ಕೇ ಚುಕ್ಕಿ ಮಿನುಗುತ್ತದೆ. ನಮಗೆ ಅದು ಚಂದ. ವಿಜ್ಞಾನಿಗೆ ಅದೇ ತೊಂದರೆ. ನಕ್ಷತ್ರದ ಬೆಳಕು ಕದಡಿ ಹರಡುತ್ತದೆ. ಪಕ್ಕದ ಗ್ರಹ ಅದರಲ್ಲಿ ಮುಳುಗುತ್ತದೆ.

ಇದಕ್ಕೆ ಏನು ಮಾಡಬೇಕು? 1953ರಲ್ಲಿ ಅಮೆರಿಕದ ಹೊರೇಸ್ ಬ್ಯಾಬ್‌ಕಾಕ್ ಎಂಬ ವಿಜ್ಞಾನಿ ಒಂದು ದಾರಿ ಸೂಚಿಸಿದರು. ಗಾಳಿ ಬೆಳಕನ್ನು ಹೇಗೆ ಸುಕ್ಕು ಮಾಡುತ್ತದೋ, ಕನ್ನಡಿಯನ್ನು ಅದಕ್ಕೆ ಎದುರಾಗಿ ಬಗ್ಗಿಸಬೇಕು. ಆಗ ಸುಕ್ಕು ಹೋಗುತ್ತದೆ. ಆಗಿನ ಕಾಲಕ್ಕೆ ಅದು ಆಗುವ ಕೆಲಸ ಆಗಿರಲಿಲ್ಲ. ವೇಗದ ಕಂಪ್ಯೂಟರ್ ಬಂದ ಮೇಲೆ ಆಯಿತು.

ರೊಟ್ಟಿ ತಟ್ಟುವಾಗ ನಿಮ್ಮ ಬೆರಳು ಏನು ಮಾಡುತ್ತವೆ? ದಪ್ಪ ಇದ್ದಲ್ಲಿ ಒತ್ತುತ್ತವೆ, ತೆಳ್ಳಗಿದ್ದಲ್ಲಿ ಬಿಡುತ್ತವೆ. ಇಲ್ಲೂ ಹಾಗೆಯೇ. ಒಂದು ತೆಳು ಕನ್ನಡಿಯ ಹಿಂದೆ ನೂರಾರು ಸಣ್ಣ ಕಡ್ಡಿಗಳಿರುತ್ತವೆ. ಅವೇ ಬೆರಳುಗಳು. ಅವು ಕನ್ನಡಿಯನ್ನು ಒತ್ತುತ್ತವೆ, ಎಳೆಯುತ್ತವೆ. ಒಂದು ಸೆಕೆಂಡಿಗೆ ನೂರಾರು ಸಲ! ಕೆಲವು ಯಂತ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಸಲ! ಆಗ ನಡುಗುವ ಚುಕ್ಕಿ ನೆಟ್ಟಗೆ ನಿಲ್ಲುತ್ತದೆ.

ಮೂರನೆಯ ಉಪಾಯ: ಸುಳ್ಳನ್ನು ಕಳೆ

ಇಷ್ಟು ಮಾಡಿದರೂ ಚಿತ್ರದಲ್ಲಿ ಹತ್ತಾರು ಸಣ್ಣ ಚುಕ್ಕೆಗಳು ಉಳಿಯುತ್ತವೆ. ಅವು ಗ್ರಹ ಅಲ್ಲ. ಕನ್ನಡಿಯ ಸಣ್ಣ ಕೊರತೆಯಿಂದ ಹುಟ್ಟಿದ ಸುಳ್ಳು ಚುಕ್ಕೆಗಳು. ನಿಜ ಯಾವುದು, ಸುಳ್ಳು ಯಾವುದು?

ಅಜ್ಜಿಯ ಕನ್ನಡಕದ ಮೇಲೆ ಒಂದು ಕಲೆ ಇದೆ ಅನ್ನಿ. ಅಜ್ಜಿ ಎದುರಿನ ಗೋಡೆ ನೋಡುತ್ತಾರೆ. ಗೋಡೆಯಲ್ಲಿ ಕಪ್ಪು ಚುಕ್ಕೆ! ಕಲೆ ಗೋಡೆಯದೋ, ಕನ್ನಡಕದ್ದೋ? ಅಜ್ಜಿ ತಲೆ ತಿರುಗಿಸಲಿ. ಕನ್ನಡಕದ ಕಲೆ ಜೊತೆಗೇ ಬರುತ್ತದೆ. ಗೋಡೆಯ ಕಲೆ ಅಲ್ಲೇ ಉಳಿಯುತ್ತದೆ.

ವಿಜ್ಞಾನಿಗಳು ಇದನ್ನೇ ಮಾಡುತ್ತಾರೆ. ರಾತ್ರಿ ಕಳೆದ ಹಾಗೆ ಆಕಾಶ ತಿರುಗುತ್ತದೆ. ಗ್ರಹ ಆಕಾಶದ ಜೊತೆ ತಿರುಗುತ್ತದೆ. ಯಂತ್ರದ ಸುಳ್ಳು ಚುಕ್ಕೆ ಇದ್ದಲ್ಲೇ ಇರುತ್ತದೆ. ನೂರಾರು ಚಿತ್ರ ತೆಗೆದು ಕಂಪ್ಯೂಟರಿಗೆ ಕೊಡುತ್ತಾರೆ. ಅದು ಇದ್ದಲ್ಲೇ ಇರುವುದನ್ನು ಕಳೆದುಬಿಡುತ್ತದೆ. ನಾವು ಕಲಿತ ಕಳೆಯುವ ಲೆಕ್ಕವೇ! ಕೊನೆಗೆ ಉಳಿದದ್ದು ಗ್ರಹ.

ಬಿಸಿ ಹಂಚಿನ ಹಾಗೆ

ಹಂಚನ್ನು ಒಲೆಯಿಂದ ಇಳಿಸಿದ್ದೀರಿ. ಕತ್ತಲಲ್ಲಿ ಅದು ಹೊಳೆಯುವುದಿಲ್ಲ. ಆದರೆ ಹತ್ತಿರ ಕೈ ಹಿಡಿದರೆ ಕಾವು ತಿಳಿಯುತ್ತದೆ. ಆ ಕಾವು ಕೂಡ ಒಂದು ಬಗೆಯ ಬೆಳಕೇ. ನಮ್ಮ ಕಣ್ಣಿಗೆ ಕಾಣದು. ಇದಕ್ಕೆ ಅವಗೆಂಪು ಕಿರಣ ಅನ್ನುತ್ತಾರೆ. ಇದನ್ನು ನೋಡುವ ಕ್ಯಾಮೆರಾಗಳಿವೆ.

ಹೊಸದಾಗಿ ಹುಟ್ಟಿದ ದೊಡ್ಡ ಗ್ರಹ ಇಳಿಸಿದ ಹಂಚಿನ ಹಾಗೆ ಬಿಸಿ ಇರುತ್ತದೆ. ಆಮೇಲೆ ನಿಧಾನವಾಗಿ ಆರುತ್ತದೆ. ಅದರ ಕಾವನ್ನು ನೋಡಿದರೆ ಕೆಲಸ ತುಸು ಸುಲಭ. ಅದಕ್ಕೇ ಈವರೆಗೆ ಚಿತ್ರ ಸಿಕ್ಕಿದ್ದು ಹೆಚ್ಚಾಗಿ ಎಳೆ ವಯಸ್ಸಿನ, ದೊಡ್ಡ ಗಾತ್ರದ ಗ್ರಹಗಳಿಗೆ.

ಕಂಡಿತು, ಮಾಯವಾಯಿತು, ಮತ್ತೆ ಬಂತು

ಈಗ ಒಂದು ನಿಜವಾದ ಕಥೆ.

ದಕ್ಷಿಣ ಅಮೆರಿಕದಲ್ಲಿ ಚಿಲಿ ಅಂತ ಒಂದು ದೇಶ. ಅಲ್ಲಿಯ ಮರುಭೂಮಿಯಲ್ಲಿ ಪರನಾಲ್ ಎಂಬ ಬೆಟ್ಟ. ಬೆಟ್ಟದ ಮೇಲೆ ನಾಲ್ಕು ದೊಡ್ಡ ದೂರದರ್ಶಕಗಳಿವೆ. ಒಂದೊಂದರ ಕನ್ನಡಿಯೂ 8.2 ಮೀಟರ್ ಅಗಲ. ಕಚ್ಚೆ ಹಾಕುವ ಒಂಬತ್ತು ಗಜದ ಸೀರೆ ಹಾಸಿದರೆ ಎಷ್ಟು ಉದ್ದವೋ ಅಷ್ಟು!

2003ರಲ್ಲಿ ಇಲ್ಲಿ ಬೀಟಾ ಪಿಕ್ಟೋರಿಸ್ ಎಂಬ ನಕ್ಷತ್ರದ ಚಿತ್ರ ತೆಗೆದರು. ಅದರ ಬೆಳಕು ನಮಗೆ ಬರಲು ಸುಮಾರು 63 ವರ್ಷ ಬೇಕು. ನಿಮ್ಮ ಮನೆಯಲ್ಲಿ 63 ವರ್ಷದ ಅಜ್ಜಿ ಇದ್ದರೆ, ಅವರು ಹುಟ್ಟಿದಾಗ ಹೊರಟ ಬೆಳಕು ಈಗ ನಮ್ಮನ್ನು ಮುಟ್ಟುತ್ತಿದೆ.

ಫ್ರಾನ್ಸಿನ ಆನ್-ಮರಿ ಲಾಗ್ರಾಂಜ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ಜೊತೆಗಾರರು ಆ ಹಳೆಯ ಚಿತ್ರಗಳನ್ನು ಮತ್ತೆ ಸೋಸಿ ನೋಡಿದರು. ನಕ್ಷತ್ರದ ಪಕ್ಕ ಒಂದು ಮಸುಕು ಚುಕ್ಕೆ! 2008ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಆದರೆ "ಇದು ಗ್ರಹವೇ ಸರಿ" ಅಂತ ದುಡುಕಲಿಲ್ಲ. ಯಾಕೆಂದರೆ ಅದು ಹಿಂದೆ ಎಲ್ಲೋ ದೂರದಲ್ಲಿರುವ ಬೇರೆ ನಕ್ಷತ್ರವೂ ಆಗಿರಬಹುದಿತ್ತು.

2009ರ ಮೊದಲಲ್ಲಿ ಮತ್ತೆ ನೋಡಿದರು. ಚುಕ್ಕೆ ಇಲ್ಲ! ಎಲ್ಲಿ ಹೋಯಿತು? ಎಲ್ಲ ದುಡಿಮೆ ನೀರಿನಲ್ಲಿ ಹೋಮವಾಯಿತೆ? ಅವರು ಕಾದರು. ಅದೇ ವರ್ಷದ ಕೊನೆಯ ಹೊತ್ತಿಗೆ ಮತ್ತೆ ನೋಡಿದರು. ಚುಕ್ಕೆ ಕಂಡಿತು. ಆದರೆ ಈ ಸಲ ನಕ್ಷತ್ರದ ಇನ್ನೊಂದು ಬದಿಯಲ್ಲಿ!

ನೀವೇ ಹೇಳಿ, ಏನಾಗಿತ್ತು? ಹೌದು. ಅದು ನಕ್ಷತ್ರವನ್ನು ಸುತ್ತುತ್ತಿತ್ತು. ಗಾಣದ ಎತ್ತು ಆಚೆ ಹೋಗಿ ಈಚೆ ಬಂದ ಹಾಗೆ. ನಡುವೆ ನಕ್ಷತ್ರಕ್ಕೆ ತೀರಾ ಹತ್ತಿರ ಕಾಣುವ ಜಾಗಕ್ಕೆ ಹೋಗಿದ್ದರಿಂದ ಮರೆಯಾಗಿತ್ತು. ಸುತ್ತುತ್ತದೆ ಅಂದ ಮೇಲೆ ಗ್ರಹವೇ. 2010ರಲ್ಲಿ ಖಚಿತವಾಗಿ ಹೇಳಿದರು. ಗುರುಗ್ರಹಕ್ಕಿಂತ ಹಲವು ಪಟ್ಟು ಭಾರದ ಗ್ರಹ ಅದು. ಒಂದು ಸುತ್ತಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕು.

ಎಲ್ಲ ಸಲವೂ ಹೀಗೆ ಗೆಲುವು ಸಿಗುವುದಿಲ್ಲ. 2008ರಲ್ಲೇ ಫೋಮಲ್‌ಹಾಟ್ ಎಂಬ ನಕ್ಷತ್ರದ ಬಳಿಯೂ ಗ್ರಹ ಕಂಡಿತು ಅಂತ ಸುದ್ದಿ ಆಯಿತು. ಆದರೆ ವರ್ಷ ಕಳೆದ ಹಾಗೆ ಆ ಚುಕ್ಕೆ ಹರಡಿತು, ಮಂಕಾಯಿತು, ಮಾಯವಾಯಿತು. ಅದು ಗ್ರಹ ಆಗಿರಲಿಲ್ಲ, ದೂಳಿನ ಮೋಡ ಇರಬೇಕು ಅಂತ 2020ರಲ್ಲಿ ವಿಜ್ಞಾನಿಗಳು ಬರೆದರು. ತಪ್ಪನ್ನು ತಿದ್ದಿಕೊಳ್ಳಲು ಅವರು ನಾಚಲಿಲ್ಲ. ಒಂದು ಸಲ ಕಂಡದ್ದನ್ನೇ ನಂಬಬಾರದು. ಮತ್ತೆ ಮತ್ತೆ ನೋಡಬೇಕು. ಇದೇ ವಿಜ್ಞಾನದ ದಾರಿ.

ಚುಕ್ಕೆಯಿಂದ ಏನು ತಿಳಿಯುತ್ತದೆ?

"ಒಂದು ಚುಕ್ಕೆ ನೋಡಲು ಇಷ್ಟೆಲ್ಲ ಯಾಕೆ?" ಅಂತ ನೀವು ಕೇಳಬಹುದು.

ಮಳೆಬಿಲ್ಲು ನೋಡಿದ್ದೀರಿ. ಬಿಸಿಲನ್ನು ಮಳೆಹನಿ ಏಳು ಬಣ್ಣವಾಗಿ ಬಿಡಿಸುತ್ತದೆ. ಗ್ರಹದ ಬೆಳಕನ್ನೂ ಹಾಗೆ ಬಿಡಿಸಬಹುದು. ಗ್ರಹದ ಗಾಳಿಯಲ್ಲಿ ನೀರಿನ ಆವಿ ಇದ್ದರೆ ಬಣ್ಣದ ಪಟ್ಟಿಯಲ್ಲಿ ಅದರ ಗುರುತು ಇರುತ್ತದೆ. ಬೇರೆ ಅನಿಲ ಇದ್ದರೆ ಬೇರೆ ಗುರುತು. ನಾವು ಅಕ್ಷರ ಓದುವ ಹಾಗೆ ಅವರು ಬೆಳಕು ಓದುತ್ತಾರೆ.

ಎಚ್‌ಆರ್ 8799 ಎಂಬ ನಕ್ಷತ್ರಕ್ಕೆ ನಾಲ್ಕು ಗ್ರಹಗಳಿವೆ. 2008ರಲ್ಲಿ ಮೂರರ ಚಿತ್ರ, 2010ರಲ್ಲಿ ನಾಲ್ಕನೆಯದರ ಚಿತ್ರ ಹೊರಬಂತು. ಅವುಗಳ ಗಾಳಿಯಲ್ಲಿ ನೀರಿನ ಆವಿಯ ಗುರುತು ಸಿಕ್ಕಿದೆ. 2025ರಲ್ಲಿ ಇಂಗಾಲದ ಡೈ ಆಕ್ಸೈಡ್ ಗುರುತೂ ಸಿಕ್ಕಿತು. ಇದನ್ನು ಕಂಡದ್ದು ಜೇಮ್ಸ್ ವೆಬ್ ದೂರದರ್ಶಕ. 2021ರ ಡಿಸೆಂಬರ್ 25ರಂದು ಅದನ್ನು ಆಕಾಶಕ್ಕೆ ಕಳಿಸಿದರು. ಅಲ್ಲಿ ಗಾಳಿಯ ನಡುಕವೇ ಇಲ್ಲ.

ಅದೇ 2025ರಲ್ಲಿ ಲಾಗ್ರಾಂಜ್ ಅವರ ತಂಡ ಇನ್ನೊಂದು ಸುದ್ದಿ ಕೊಟ್ಟಿತು. ಜೇಮ್ಸ್ ವೆಬ್ ದೂರದರ್ಶಕದ ಚಿತ್ರದಲ್ಲಿ ಶನಿಗ್ರಹದಷ್ಟು ಭಾರದ ಒಂದು ಗ್ರಹ ಕಂಡಿತು ಅಂತ. ಆ ಹೊತ್ತಿಗೆ ಚಿತ್ರಕ್ಕೆ ಸಿಕ್ಕ ಗ್ರಹಗಳಲ್ಲೇ ಅದು ಹಗುರದ್ದು.

"ಹುಡುಗಿಗೆ ಗಣಿತ ಯಾಕೆ?"

ಶನಿಯಷ್ಟು ದೊಡ್ಡದು ಕಂಡಿತು. ಆದರೆ ಅಕ್ಕ ಕೇಳಿದ್ದು ಭೂಮಿಯಂಥದ್ದರ ಬಗ್ಗೆ. ಸೂರ್ಯನಂಥ ನಕ್ಷತ್ರದ ಪಕ್ಕ ಭೂಮಿಯಷ್ಟು ಸಣ್ಣ, ತಣ್ಣನೆಯ ಗ್ರಹದ ಚಿತ್ರವನ್ನು ಇನ್ನೂ ಯಾರೂ ತೆಗೆದಿಲ್ಲ. ಅದಕ್ಕೆ ಇನ್ನೂ ಚೆನ್ನಾಗಿ ಬೆಳಕು ತಡೆಯಬೇಕು. ಆ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆಗೆ ಒಬ್ಬ ಹೆಣ್ಣುಮಗಳ ಹೆಸರು ಇಟ್ಟಿದ್ದಾರೆ.

ಅವರು ಅಮೆರಿಕದ ನ್ಯಾನ್ಸಿ ಗ್ರೇಸ್ ರೋಮನ್. ಹುಟ್ಟಿದ್ದು 1925ರಲ್ಲಿ. ಹನ್ನೊಂದು ವರ್ಷದ ಹುಡುಗಿ ಗೆಳತಿಯರನ್ನು ಸೇರಿಸಿ ಚುಕ್ಕಿ ನೋಡುವ ಸಂಘ ಕಟ್ಟಿದಳು. ಶಾಲೆಯಲ್ಲಿ ಹೆಚ್ಚು ಗಣಿತ ಕಲಿಯುತ್ತೇನೆ ಅಂದಳು. ಸಲಹೆ ಕೊಡುವ ಟೀಚರ್ ಮೂಗು ಮುರಿದರು. ಹೆಣ್ಣಾದವಳು ಗಣಿತ ಯಾಕೆ ಕೇಳುತ್ತಾಳೆ ಅಂದರು. ಈ ಮಾತು ನಮಗೆ ಹೊಸದೇ? "ಹುಡುಗಿಗೆ ಶಾಲೆ ಯಾಕೆ?" ಅನ್ನುವ ಮಾತು ಕೇಳಿಯೇ ನಮ್ಮಲ್ಲಿ ಎಷ್ಟೋ ಜನ ಬೆಳೆದೆವು.

ರೋಮನ್ ಕೇಳಲಿಲ್ಲ. ಓದಿದರು. 1959ರಲ್ಲಿ ನಾಸಾ ಸೇರಿದರು. ನಾಸಾ ಅಂದರೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ. ಅಲ್ಲಿ ಖಗೋಳ ವಿಭಾಗದ ಮೊದಲ ಮುಖ್ಯಸ್ಥೆ ಆದರು. ಬೇರೆ ಸೂರ್ಯರ ಗ್ರಹಗಳನ್ನು ನೋಡುವ ಬಗೆ ಹೇಗೆ ಅಂತ 1959ರಲ್ಲೇ ಬರೆದರು! 2018ರಲ್ಲಿ ತೀರಿಕೊಂಡರು. 2020ರಲ್ಲಿ ನಾಸಾ ತನ್ನ ಹೊಸ ದೂರದರ್ಶಕಕ್ಕೆ ಅವರ ಹೆಸರು ಇಟ್ಟಿತು.

ರೋಮನ್ ದೂರದರ್ಶಕವನ್ನು 2027ರ ಮೇ ತಿಂಗಳೊಳಗೆ ಆಕಾಶಕ್ಕೆ ಕಳಿಸಬೇಕು ಅಂತ ನಾಸಾ ಯೋಜನೆ ಹಾಕಿತು. ಅದರಲ್ಲಿ ಮುಚ್ಚುವ ಬಿಲ್ಲೆಯೂ ಇದೆ, ಬಗ್ಗುವ ಕನ್ನಡಿಯೂ ಇದೆ. ಆಕಾಶಕ್ಕೆ ಹೋದ ಹಿಂದಿನ ಕರೋನಾಗ್ರಾಫ್‌ಗಳಿಗಿಂತ ನೂರರಿಂದ ಸಾವಿರ ಪಟ್ಟು ಚೆನ್ನಾಗಿ ಅದು ಬೆಳಕು ತಡೆಯಬೇಕು ಅಂತ ಲೆಕ್ಕ. ಭೂಮಿಯಂಥದ್ದನ್ನು ನೋಡಲು ಅದೂ ಸಾಲದು. ಆದರೆ ದಾರಿ ತೋರಿಸುತ್ತದೆ.

ಇನ್ನೊಂದು ಉಪಾಯವೂ ಇದೆ. ಸೂರ್ಯಕಾಂತಿ ಹೂವಿನ ಆಕಾರದ ಒಂದು ದೊಡ್ಡ ಕೊಡೆ. ಅದನ್ನು ದೂರದರ್ಶಕದಿಂದ ಸಾವಿರಾರು ಕಿಲೋಮೀಟರ್ ಮುಂದೆ ಆಕಾಶದಲ್ಲಿ ಬಿಚ್ಚಬೇಕು. ಕೊಡೆಯ ನೆರಳು ದೂರದರ್ಶಕದ ಮೇಲೆ ಬೀಳುತ್ತದೆ. ಹೂವಿನ ಎಸಳು ಯಾಕೆ? ದುಂಡು ಅಂಚಿಗಿಂತ ಎಸಳಿನ ಅಂಚಿನಲ್ಲಿ ಬೆಳಕು ಕಡಿಮೆ ಚೆಲ್ಲುತ್ತದೆ. ಈ ಕೊಡೆ ಇನ್ನೂ ಹಾರಿಲ್ಲ. ನೆಲದ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ.

ನೀವೂ ನೋಡಿ

ಫೆಬ್ರವರಿ ತಿಂಗಳಲ್ಲಿ, ಚಂದ್ರ ಇಲ್ಲದ ರಾತ್ರಿ, ಸುಮಾರು ಒಂಬತ್ತು ಗಂಟೆಗೆ ಹೊರಗೆ ಬನ್ನಿ. ಬೀದಿದೀಪದಿಂದ ದೂರ ಹೋಗಿ. ದಕ್ಷಿಣಕ್ಕೆ ಮುಖ ಮಾಡಿ. ಎತ್ತರದಲ್ಲಿ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ ಲುಬ್ಧಕ. ಅದರ ಕೆಳಗೆ, ದಿಗಂತದಿಂದ ಎರಡು ಮುಷ್ಟಿಗಿಂತ ತುಸು ಮೇಲೆ, ಇನ್ನೊಂದು ಹೊಳೆಯುವ ನಕ್ಷತ್ರ. ಅದು ಅಗಸ್ತ್ಯ. ಕೈ ಚಾಚಿ ಹಿಡಿದು ಅಗಸ್ತ್ಯನಿಂದ ಬಲಕ್ಕೆ ಮೂರು ನಾಲ್ಕು ಬೆರಳು ಅಳೆಯಿರಿ. ಅಲ್ಲಿ ಒಂದು ಮಂಕು ಚುಕ್ಕಿ ಇದೆ. ಅದೇ ಬೀಟಾ ಪಿಕ್ಟೋರಿಸ್! ಲಾಗ್ರಾಂಜ್ ಮತ್ತು ಜೊತೆಗಾರರು ಗ್ರಹ ಕಂಡ ನಕ್ಷತ್ರ.

ಆ ಗ್ರಹ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಅಲ್ಲಿದೆ ಅಂತ ನಮಗೆ ಗೊತ್ತು. ಹೇಗೆ ಗೊತ್ತಾಯಿತು ಅಂತಲೂ ಗೊತ್ತು.

ಕಟ್ಟೆಯ ಮೇಲೆ ಪ್ರಶ್ನೆ ಕೇಳಿದ ಅಕ್ಕನಿಗೆ ನಾವು ಇದನ್ನೆಲ್ಲ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಅಲ್ಲಿಂದ ಯಾರಾದ್ರೂ ನಮ್ಮ ಕಡೆ ನೋಡಿದ್ರೆ ನಾವೂ ಒಂದು ಚುಕ್ಕೆನೇ, ಅಲ್ವಾ?"

ಹೌದು ಅಕ್ಕ, ಒಂದು ಚುಕ್ಕೆಯೇ. ದೀಪದ ಪಕ್ಕದ ಒಂದು ಮಿಣುಕುಹುಳ. ನಮ್ಮ ಹೊಲ, ಮನೆ, ಮಕ್ಕಳು ಎಲ್ಲ ಇರುವುದು ಅದರಲ್ಲೇ.

*ಮಾಡಿ ನೋಡಿ:* ಕತ್ತಲ ಕೋಣೆಯಲ್ಲಿ ಒಬ್ಬರು ಟಾರ್ಚ್ ಹಚ್ಚಿ ನಿಮ್ಮ ಕಡೆ ಹಿಡಿಯಲಿ. ಟಾರ್ಚಿನ ಪಕ್ಕ ಒಂದು ಗುಂಡುಸೂಜಿ ಹಿಡಿಯಲಿ. ಸೂಜಿ ಕಾಣುತ್ತದೆಯೆ? ಈಗ ನಿಮ್ಮ ಹೆಬ್ಬೆರಳಿನಿಂದ ಟಾರ್ಚಿನ ಬೆಳಕು ಮುಚ್ಚಿ ನೋಡಿ. ಏನು ವ್ಯತ್ಯಾಸ? ಮಕ್ಕಳಿಗೂ ತೋರಿಸಿ. ಸೂರ್ಯನ ಕಡೆ ಮಾತ್ರ ಹೀಗೆ ಎಂದೂ ನೋಡಬೇಡಿ. ಕಣ್ಣು ಹೋಗುತ್ತದೆ.